ಮರಕ್ಕೆ ಮೊಳೆ ಹೊಡೆಯದ ಹಾದಿ

ಇಂಗ್ಲೆಂಡಿನ ಥೆಟ್‌ಫರ್ಡ್ ಕಾಡು ನಾಟಾಕ್ಕೆಂದೇ ಬೆಳೆಸಿದ ಕಾಡು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಮರದ ದಾಸ್ತಾನು ಕರಗಿಹೋಗಿತ್ತು. 1919ರಲ್ಲಿ ಅಲ್ಲಿನ ಸರ್ಕಾರ ಅರಣ್ಯ ಆಯೋಗವನ್ನು ರಚಿಸಿತು. ನಾರ್ಫೋಕ್ ಮತ್ತು ಸಫೋಕ್ ಗಡಿಯ ಮರಳುಸೀಮೆಯಲ್ಲಿ 1922ರಿಂದ ಪೈನ್ ಸಸಿಗಳನ್ನು ನೆಡುತ್ತ ಬಂದರು. 17ನೇ ಶತಮಾನದಲ್ಲಿ ಇಲ್ಲಿನ ಮರಳು ಗಾಳಿಗೆ ಎದ್ದು ಸ್ಯಾಂಟನ್ ಡೌನಮ್ ಎಂಬ ಹಳ್ಳಿಯ ಮನೆಗಳನ್ನೇ ಹೂಳಿತ್ತು. ಅಂಥ ನೆಲದಲ್ಲಿ ಈಗ ಸುಮಾರು 19,000 ಹೆಕ್ಟೇರ್ ಕಾಡು ನಿಂತಿದೆ.

ಈ ಕಾಡಿನಲ್ಲೇ 2002ರಲ್ಲಿ ಟ್ರಿಸ್ಟ್ರಮ್ ಮತ್ತು ರೆಬೆಕಾ ಮೇಹ್ಯೂ ದಂಪತಿ ‘ಗೋ ಏಪ್’ ಎಂಬ ತಮ್ಮ ಸಂಸ್ಥೆಯ ಮೊದಲ ಮರಹತ್ತುವ ತಾಣವನ್ನು ತೆರೆದರು. ಫ್ರಾನ್ಸ್‌ನಲ್ಲಿ ಜನ ಮರದಿಂದ ಮರಕ್ಕೆ ದಾಟುತ್ತ ಆಡುವುದನ್ನು ಕಂಡು ಅವರಿಗೆ ಇದು ಹೊಳೆದಿತ್ತು. ಆಮೇಲೆ ಬ್ರಿಟನ್ನಿನ ಅನೇಕ ಕಾಡುಗಳಿಗೆ ಈ ಆಟ ಹಬ್ಬಿತು.

ಮೇಲಕ್ಕೆ ಹತ್ತುವ ಮುಂಚೆ ಬುಡದಲ್ಲಿ ನಿಂತು, ಮೇಲೆ ಕಾಲೂರಲು ಮಾಡಿದ ಅಟ್ಟವನ್ನು ಕಾಂಡಕ್ಕೆ ಹೇಗೆ ಕಟ್ಟಿದ್ದಾರೆ ಎಂದು ನೋಡಬೇಕು. ನನ್ನ ಕಣ್ಣಿಗೆ ಇಡೀ ತಾಣದ ಕಸುಬು ಇರುವುದು ಅಲ್ಲಿ. ಮರ ಸಕ್ಕರೆಯ ಅಂಶವನ್ನು ಎಲೆಯಿಂದ ಬೇರಿಗೆ ಇಳಿಸುವುದು ತೊಗಟೆಯ ಒಳಪದರದ ಮೂಲಕ. ಉಕ್ಕಿನ ಹಗ್ಗವನ್ನು ನೇರವಾಗಿ ಕಾಂಡಕ್ಕೆ ಬಿಗಿದರೆ ಅದು ತೊಗಟೆಯನ್ನು ಕೊರೆದು ಸುತ್ತಲೂ ಗಾಯ ಮಾಡುತ್ತದೆ, ಆಗ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಆದ್ದರಿಂದ ಬಲ್ಲವರು ಕಾಂಡದ ಸುತ್ತ ಉದ್ದುದ್ದ ಮರದ ಪಟ್ಟಿಗಳನ್ನು ನಿಲ್ಲಿಸಿ ಅವುಗಳ ಮೇಲೆ ಹಗ್ಗವನ್ನು ಸುತ್ತುತ್ತಾರೆ. ಭಾರ ಪಟ್ಟಿಗಳ ಮೇಲೆ ಹಂಚಿಹೋಗುತ್ತದೆ, ನಡುನಡುವೆ ತೊಗಟೆ ಬಿಡುವಾಗಿ ಉಳಿಯುತ್ತದೆ. ಅಟ್ಟದ ತೊಲೆಗಳೂ ಕಾಂಡವನ್ನು ಎರಡು ಕಡೆಯಿಂದ ಅಮುಕಿ ಹಿಡಿದು ನಿಲ್ಲುತ್ತವೆ. ಮರ ವರ್ಷವರ್ಷವೂ ದಪ್ಪವಾಗುವುದರಿಂದ ಈ ಕಟ್ಟುಗಳನ್ನು ಆಗಾಗ ಸಡಿಲಿಸಿ ಮತ್ತೆ ಕಟ್ಟಬೇಕು. ಒಳಗೆ ಟೊಳ್ಳು ಬಿದ್ದಿದೆಯೇ, ಬೇರು ಗಟ್ಟಿಯಿದೆಯೇ ಎಂದು ಮರವೈದ್ಯರು ಬಂದು ಪರೀಕ್ಷಿಸುತ್ತಾರೆ. ಯಾವುದಾದರೂ ಮರ ಭಾರ ಹೊರಲಾರದು ಎಂದಾದರೆ ಹಾದಿಯನ್ನೇ ಬೇರೆ ಮರಕ್ಕೆ ತಿರುಗಿಸಬೇಕಾಗುತ್ತದೆ.

ಯುರೋಪಿನಲ್ಲಿ ಇಂಥ ತಾಣಗಳಿಗೆ ‘ಇಎನ್ 15567’ ಎಂಬ ಮಾನದಂಡವಿದೆ. ಅದರ ಒಂದು ಭಾಗ ಕಟ್ಟುವ ಕ್ರಮದ್ದು, ಇನ್ನೊಂದು ನಡೆಸುವ ಕ್ರಮದ್ದು. ಹತ್ತುವವರು ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದುಕೊಳ್ಳುತ್ತಾರೆ. ಆ ಪಟ್ಟಿಯಿಂದ ಎರಡು ಹಗ್ಗಗಳು, ಒಂದೊಂದರ ತುದಿಗೂ ಒಂದು ಕೊಂಡಿ. ಒಂದು ಕೊಂಡಿಯನ್ನು ಬಿಚ್ಚಿ ಮುಂದಿನ ಸುರಕ್ಷತಾ ತಂತಿಗೆ ಸಿಕ್ಕಿಸುವವರೆಗೂ ಇನ್ನೊಂದು ಹಿಡಿದೇ ಇರಬೇಕು. ಇದನ್ನು ನೆಲದ ಹತ್ತಿರದ ತಂತಿಯ ಮೇಲೆ ಕಲಿಸಿ, ಮಾಡಿಸಿ ನೋಡಿ, ಆಮೇಲೆ ಮೇಲಕ್ಕೆ ಕಳಿಸುತ್ತಾರೆ. ಹೊಸ ವ್ಯವಸ್ಥೆಗಳಲ್ಲಿ ಒಂದು ಕೊಂಡಿ ಕೂರದೆ ಇನ್ನೊಂದು ತೆರೆಯುವುದೇ ಇಲ್ಲ.

ಕೇಂಬ್ರಿಜ್ ಕಡೆ ಇರುವ ನನ್ನ ತಂಗಿಯ ಮನೆಯವರೊಂದಿಗೆ ಥೆಟ್‌ಫರ್ಡ್ ತಾಣಕ್ಕೆ ಹೋದಾಗ ನನಗೆ ತಟ್ಟಿದ್ದು ಎತ್ತರವಲ್ಲ, ದಾಟುವಲ್ಲಿನ ಒಂಟಿತನ. ಎರಡು ಮರಗಳ ನಡುವಿನ ತೂಗುಹಲಗೆಗಳ ಮೇಲೆ ಒಮ್ಮೆಗೆ ಒಬ್ಬರೇ ಹೋಗಬೇಕು. ಪಾರ್ಕಿನ ಜಾರುಬಂಡೆಯಲ್ಲಾದರೆ ಅಪ್ಪ ಅಮ್ಮ ಪಕ್ಕದಲ್ಲೇ ಕೈಚಾಚಿ ನಿಂತಿರುತ್ತಾರೆ. ಇಲ್ಲಿ ಮಗು ನಡುದಾರಿಯಲ್ಲಿ ಹೆದರಿ ನಿಂತರೂ ತಾಯಿ ಹಿಂದಿನ ಅಟ್ಟದಿಂದ ಮಾತನ್ನಷ್ಟೇ ಕಳಿಸಬಲ್ಲಳು. ಯಾವ ಹಲಗೆ, ಯಾವ ಕಾಲು, ಯಾವಾಗ ಎಂಬುದನ್ನು ಮಗುವೇ ತೀರ್ಮಾನಿಸಬೇಕು. ಎಂಟು ಮಾತಿಗೊಮ್ಮೆ ‘ಬೇಡ, ಬೀಳ್ತೀಯ’ ಎನ್ನುವ ನಮ್ಮಂಥ ಹಿರಿಯರಿಗೆ ಅಲ್ಲಿ ಸುಮ್ಮನೆ ನಿಲ್ಲುವುದೇ ದೊಡ್ಡ ಅಭ್ಯಾಸ. ನನ್ನ ಸರದಿಯಲ್ಲಿ ಕಾಲು ಅದುರಿದಾಗ ಆಚೆ ಅಟ್ಟದಿಂದ ತಂಗಿಯ ಮಗಳು ಕೂಗಿದಳು: “ಮಾವ, ಕೆಳಗೆ ನೋಡ್ಬೇಡ, ನನ್ನ ನೋಡ್ಕೊಂಡು ಬಾ.” ಹನ್ನೊಂದು ವರ್ಷದ ಹುಡುಗಿ ನನಗೆ ದಾರಿ ಹೇಳಿಕೊಟ್ಟಳು. ಆ ಮಾತು ಹಿಡಿದೇ ನಾನು ದಾಟಿದೆ.

ಅತಿ ಕಷ್ಟದ್ದು ಬಲೆಗೆ ಹಾರುವ ಉಯ್ಯಾಲೆ. ಅಟ್ಟದ ಅಂಚಿನಿಂದ ಕಾಲು ತೆಗೆದ ಮೇಲೆ ಹಗ್ಗ ಬಿಗಿಯಾಗುವವರೆಗಿನ ಆ ಒಂದು ಕ್ಷಣ ಮೈ ನಿಜಕ್ಕೂ ಬೀಳುತ್ತಿರುತ್ತದೆ. ಮರುಕ್ಷಣ ಎದುರಿನ ಹಗ್ಗದ ಬಲೆಗೆ ಅಪ್ಪಳಿಸಿ ಕೈಕಾಲಿನಿಂದ ತಬ್ಬಿಕೊಳ್ಳಬೇಕು. ಕೊನೆಯಲ್ಲಿ ಉದ್ದನೆಯ ಜಾರುತಂತಿಯಿದೆ, ಅದು ಮರದ ಚಕ್ಕೆಗಳ ಮೆತ್ತನೆಯ ರಾಶಿಯ ಮೇಲೆ ತಂದಿಳಿಸುತ್ತದೆ.

ಪುಟ್ಟ ಮಕ್ಕಳಿಗೆ ಬೇರೆ, ತಗ್ಗಿನ ಹಾದಿ ಉಂಟು. ದೊಡ್ಡ ಹಾದಿ ಹತ್ತುವವರಿಗೆ ಕನಿಷ್ಠ ಎತ್ತರದ ಮಿತಿಯಿದೆ, ಮಕ್ಕಳ ಜೊತೆ ಹಿರಿಯರಿರಲೇಬೇಕು. ಜೋರು ಗಾಳಿ ಅಥವಾ ಸಿಡಿಲಿದ್ದರೆ ಯಾರನ್ನೂ ಹತ್ತಿಸುವುದಿಲ್ಲ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಬೇಕು, ಉಂಗುರ ಬಿಚ್ಚಿಡಬೇಕು, ಕಾಲಿಗೆ ಹಿಡಿತವಿರುವ ಬೂಟು ಬೇಕು. ಬೇಸಿಗೆಯಲ್ಲಿ ಊರಿನಿಂದ ಮಕ್ಕಳ ಮನೆಗೆ ಬಂದ ಅಜ್ಜ ಅಜ್ಜಿಯರೂ ಬೇಸರಪಡಬೇಕಿಲ್ಲ. ಹತ್ತುವ ತಾಣವಿರುವ ಹೈ ಲಾಡ್ಜ್‌ನಿಂದಲೇ ಕಾಡಿನೊಳಗೆ ಕಾಲುದಾರಿಗಳು ಹೊರಡುತ್ತವೆ, ಬುತ್ತಿ ಬಿಚ್ಚಲು ಬೇಕಾದಷ್ಟು ಹುಲ್ಲು ನೆಲವೂ ಇದೆ.