ಪಾಪಾಸುಕಳ್ಳಿಯನ್ನು ತಿಂದು ಮುಗಿಸಿದ ಹುಳು

ಇಂದಿಗೆ ಸುಮಾರು ನೂರು ವರ್ಷಗಳ ಹಿಂದೆ ದಕ್ಷಿಣ ಭಾರತದ ಒಣಸೀಮೆಗಳಲ್ಲಿ ಪಾಪಾಸುಕಳ್ಳಿಯ ಹಾವಳಿ ಎಷ್ಟಿತ್ತೆಂಬುದನ್ನು ಈಗಿನವರು ಊಹಿಸುವುದು ಕಷ್ಟ. ಬೇಲಿಗೆಂದು ನೆಟ್ಟ ಕಳ್ಳಿಯು ಬೇಲಿಯನ್ನು ದಾಟಿ ಹೊಲಕ್ಕೆ ನುಗ್ಗಿ, ಗೋಮಾಳವನ್ನು ಆಕ್ರಮಿಸಿ, ಊರ ಹತ್ತಿರದವರೆಗೂ ಬಂದು ನಿಲ್ಲುತ್ತಿತ್ತು. ಕಡಿದರೆ ಕಡಿದ ತುಂಡುಗಳೇ ಬೇರು ಬಿಡುತ್ತಿದ್ದವು. ಹಸಿಯಾಗಿರುವಾಗ ಸುಡೋಣವೆಂದರೆ ಬೆಂಕಿ ಹತ್ತದು. ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಹೊಸ ಹೊಸ ಕಡೆಗೆ ಒಯ್ಯುತ್ತಿದ್ದವು. ಹಾವು ಹೆಗ್ಗಣಗಳಿಗಂತೂ ಅದು ಮುಳ್ಳಿನ ಕೋಟೆಯೇ ಆಗಿತ್ತು. ಇಂತಹ ಕಳ್ಳಿಯು 1926ನೆಯ ಇಸವಿಯಿಂದೀಚೆಗೆ ಐದಾರು ವರ್ಷಗಳೊಳಗೆ ಹೆಚ್ಚಿನ ಸ್ಥಳಗಳಲ್ಲಿ ನೆಲಕಚ್ಚಿತು. ಇದನ್ನು ಕೊಂದದ್ದು ಕೊಡಲಿಯೂ ಅಲ್ಲ, ಬೆಂಕಿಯೂ ಅಲ್ಲ. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಾದ, ರೆಕ್ಕೆಯಿಲ್ಲದ, ಒಂದು ಕಡೆ ಕಚ್ಚಿಕೊಂಡರೆ ಅಲ್ಲಿಂದ ಕದಲದ ಒಂದು ಹುಳು.

ಈಗಲೂ ಅಲ್ಲಲ್ಲಿ ಉಳಿದಿರುವ ಕಳ್ಳಿಯ ದಳಗಳ ಮೇಲೆ ಹತ್ತಿಯ ಚೂರು ಅಂಟಿದಂತೆ ಬಿಳಿಯ ಗುಪ್ಪೆಗಳು ಕಾಣುವುದುಂಟು. ಅವುಗಳಲ್ಲೊಂದನ್ನು ಬೆರಳಿನಿಂದ ಹಿಸುಕಿದರೆ ಬೆರಳು ರಕ್ತದಂತೆ ಕೆಂಪಾಗುವುದು. ಹೆಣ್ಣು ಹುಳುವು ಮೈಮೇಲೆ ಮೇಣದಂತಹ ಬಿಳಿಯ ಹೊದಿಕೆಯನ್ನು ತಾನೇ ನೆಯ್ದುಕೊಂಡು, ಸೂಜಿಯಂತಹ ಬಾಯಿಯನ್ನು ದಳದೊಳಕ್ಕೆ ಚುಚ್ಚಿ ರಸವನ್ನು ಹೀರುತ್ತಿರುವುದು. ಕೆಂಪು ಬಣ್ಣವು ಅದರ ಮೈಯಲ್ಲಿಯೇ ಉತ್ಪತ್ತಿಯಾಗತಕ್ಕದ್ದು. ಈ ಬಣ್ಣದ ಆಸೆಯಿಂದಲೇ ಈ ಕಥೆಯು ಮೊದಲಾಯಿತು.

ಮೆಕ್ಸಿಕೋ ದೇಶದವರು ಇದೇ ಕುಲದ ಉತ್ತಮ ಜಾತಿಯ ಹುಳುಗಳನ್ನು ಕಳ್ಳಿಯ ತೋಟಗಳಲ್ಲಿ ಸಾಕಿ, ಒಣಗಿಸಿ, ಕೊಚಿನೀಲ್ ಎಂಬ ಬೆಲೆಬಾಳುವ ಕೆಂಪು ಬಣ್ಣವನ್ನು ಮಾಡುತ್ತಿದ್ದರು. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಹುಳುಗಳು ಬೇಕಾಗುತ್ತಿದ್ದವು. ಆ ದೇಶವನ್ನು ಆಳುತ್ತಿದ್ದ ಸ್ಪೇನಿನವರು ಹುಳುವು ಹೊರದೇಶಕ್ಕೆ ಹೋಗದಂತೆ ಬಹು ಎಚ್ಚರಿಕೆಯಿಂದ ಕಾಯುತ್ತಿದ್ದರು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಈ ವ್ಯಾಪಾರದ ಮೇಲೆ ಕಣ್ಣು ಬಿದ್ದಿತು. ಮದರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯನು ಕಳ್ಳಿಯ ತೋಟವನ್ನೇ ಎಬ್ಬಿಸಿದನು. 1795ರಲ್ಲಿ ನೀಲ್ಸನ್ ಎಂಬ ಕ್ಯಾಪ್ಟನನು ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ಬಂದರಿನಿಂದ ಹುಳುಗಳನ್ನು ಹಡಗಿನಲ್ಲಿ ತಂದು ಕಲ್ಕತ್ತೆಯಲ್ಲಿ ಒಪ್ಪಿಸಿದನು. ಆದರೆ ತಂದದ್ದು ಬಣ್ಣದ ಹುಳುವಲ್ಲ; ಅದನ್ನೇ ಹೋಲುವ ಕಾಡುಜಾತಿ. ಬಣ್ಣವು ಕೀಳಾಯಿತು, ಕಂಪೆನಿಯವರ ಆಸೆಯು ಮಣ್ಣುಗೂಡಿತು. ಹುಳುವಿಗೆ ಮಾತ್ರ ಇಲ್ಲಿನ ಕಳ್ಳಿಯ ಜಾತಿಗಳಲ್ಲೊಂದು ಬಹಳ ರುಚಿಸಿತು. ಉತ್ತರ ಹಿಂದೂಸ್ಥಾನದಲ್ಲಿ ಆ ಜಾತಿಯ ಕಳ್ಳಿಯು ಕ್ಷೀಣಿಸುತ್ತ ಬಂದುದನ್ನು ಕಂಡು, 1836ರಿಂದ 1838ರ ಅವಧಿಯಲ್ಲಿ ಹುಳುವನ್ನು ಬೇಕೆಂತಲೇ ದಕ್ಷಿಣಕ್ಕೂ ತಂದುಬಿಟ್ಟರು. ಇಲ್ಲಿಯೂ ಅದೇ ಫಲ ದೊರೆಯಿತು. ಕಳೆಯೊಂದನ್ನು ಕೀಟದ ಮೂಲಕ ನಿಗ್ರಹಿಸಿದ ಪ್ರಪಂಚದ ಮೊದಲನೆಯ ಉದಾಹರಣೆ ಇದೇ ಎಂದು ಶಾಸ್ತ್ರಗ್ರಂಥಗಳಲ್ಲಿ ಎಣಿಕೆಯಾಗಿದೆ. ವ್ಯಾಪಾರದಲ್ಲಿ ಮೋಸಹೋದದ್ದು ಬೇಸಾಯಕ್ಕೆ ಲಾಭವಾಗಿ ಪರಿಣಮಿಸಿತು.

ಆದರೆ ಹಳದಿಯ ಬಲವಾದ ಮುಳ್ಳುಗಳುಳ್ಳ ಇನ್ನೊಂದು ಜಾತಿಯ ಕಳ್ಳಿಯನ್ನು ಈ ಹುಳುವು ಮೂಸಿಯೂ ನೋಡಲಿಲ್ಲ. ಮೊದಲನೆಯ ಜಾತಿಯು ಅಳಿದ ಮೇಲೆ ಹಬ್ಬಿ ನಮ್ಮ ಹಿರಿಯರನ್ನು ಕಾಡಿದ್ದು ಈ ಎರಡನೆಯ ಜಾತಿಯೇ. ಹುಳುಗಳ ಸ್ವಭಾವದಲ್ಲಿ ಆಶ್ಚರ್ಯಪಡತಕ್ಕ ಸಂಗತಿಯೆಂದರೆ ಇದೇ: ಮನುಷ್ಯನ ಕಣ್ಣಿಗೆ ಅಣ್ಣತಮ್ಮಂದಿರಂತೆ ತೋರುವ ಎರಡು ಗಿಡಗಳಲ್ಲಿ ಒಂದನ್ನು ನಾಶಮಾಡುವ ಹುಳುವು ಮತ್ತೊಂದರ ಮೇಲೆ ಕುಳಿತು ಹಸಿವಿನಿಂದ ಸಾಯುವುದು. ಎರಡನೆಯ ಕಳ್ಳಿಗೆ ತಕ್ಕ ಹುಳುವು ಆಸ್ಟ್ರೇಲಿಯಾದಿಂದ ಸಿಂಹಳಕ್ಕೂ, ಅಲ್ಲಿಂದ 1926ರಲ್ಲಿ ದಕ್ಷಿಣ ಭಾರತಕ್ಕೂ ಬಂದ ಬಳಿಕವೇ ಇಲ್ಲಿಯ ಗೋಮಾಳಗಳು ಬಿಡುಗಡೆ ಹೊಂದಿದುವು.

ಆಸ್ಟ್ರೇಲಿಯಾದವರ ಬಳಿ ಆ ಹುಳು ಹೇಗೆ ಬಂತೆಂಬುದಕ್ಕೂ ಕಾರಣವುಂಟು. ನಮ್ಮ ಕಷ್ಟವು ಅವರ ಕಷ್ಟದ ಮುಂದೆ ಅಲ್ಪವೇ ಸರಿ. 1925ರ ವೇಳೆಗೆ ಆ ಖಂಡದ ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತಗಳಲ್ಲಿ ಸುಮಾರು 6 ಕೋಟಿ ಎಕರೆ ನೆಲವನ್ನು ಕಳ್ಳಿಯು ಆವರಿಸಿತ್ತು. ಜನರು ಮನೆಮಠಗಳನ್ನು ಬಿಟ್ಟು ಹೋಗುತ್ತಿದ್ದರು. ಅಲ್ಲಿಯ ಸರಕಾರದವರು ಕಳ್ಳಿಯ ಹುಟ್ಟೂರಾದ ಅಮೆರಿಕಾ ಖಂಡಗಳಿಗೆ ಕೀಟಶಾಸ್ತ್ರಜ್ಞರನ್ನು ಕಳುಹಿಸಿ, ಅಲ್ಲಿ ಕಳ್ಳಿಯನ್ನು ತಿನ್ನುವ ಹುಳುಗಳನ್ನು ಹುಡುಕಿಸಿದರು. ಹೀಗೆ ದೊರೆತವುಗಳಲ್ಲಿ ಅರ್ಜೆಂಟೈನಾ ದೇಶದ ಒಂದು ಪತಂಗವು ಮುಖ್ಯವಾದುದು. ಇದರ ಹೆಣ್ಣು ಮೊಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಕಡ್ಡಿಯಂತೆ ಇಡುವುದರಿಂದ ನೋಡುವವರಿಗೆ ಅದು ಕಳ್ಳಿಯ ಮುಳ್ಳೇ ಎಂದು ತೋರುವುದು. ಮರಿಗಳು ಗುಂಪುಗೂಡಿ ದಳವನ್ನು ಕೊರೆದು ಒಳಸೇರಿ ತಿರುಳನ್ನು ತಿನ್ನುವುವು, ಉಳಿದುದು ಕೊಳೆತುಹೋಗುವುದು. 1925ರಲ್ಲಿ ಸಮುದ್ರವನ್ನು ದಾಟಿ ಬಂದ ಮೊಟ್ಟೆಗಳು ಸುಮಾರು 2,750 ಮಾತ್ರ. ಅವುಗಳ ಸಂತಾನವನ್ನು ವೃದ್ಧಿಪಡಿಸಿ, ಬೇರೆ ಪೈರುಗಳನ್ನು ಮುಟ್ಟುವುದಿಲ್ಲವೆಂದು ಪರೀಕ್ಷಿಸಿ, 1926ರಿಂದ ಹಂಚತೊಡಗಿದರು. 1933ರ ಹೊತ್ತಿಗೆ ಕೋಟ್ಯಂತರ ಎಕರೆಯ ಕಳ್ಳಿಯು ಕುಸಿದುಬಿದ್ದಿತ್ತು. ಕ್ವೀನ್ಸ್‌ಲೆಂಡಿನ ಬೂನಾರ್ಗಾ ಎಂಬ ಊರಿನ ಜನರು ಕೃತಜ್ಞತೆಯಿಂದ ಈ ಹುಳುವಿನ ಹೆಸರಿನಲ್ಲಿ 1936ರಲ್ಲಿ ಒಂದು ಸಭಾಭವನವನ್ನೇ ಕಟ್ಟಿಸಿದರು. ನಾವು ನಾಗರಕಲ್ಲಿಗೆ ಹಾಲೆರೆಯುವುದನ್ನು ಕಂಡು ನಗುವ ಪರದೇಶದವರು ಹುಳುವಿಗೆ ಮಂಟಪ ಕಟ್ಟಿದುದನ್ನು ನೆನೆಯುವುದು ಒಳ್ಳೆಯದು.

ಗಿಡವಾಗಲಿ ಹುಳುವಾಗಲಿ ತನ್ನ ಹುಟ್ಟೂರಿನಲ್ಲಿ ಮಿತಿಮೀರುವುದು ಅಪರೂಪ; ಅದನ್ನು ತಿನ್ನತಕ್ಕ ಶತ್ರುಗಳು ಅಲ್ಲಿಯೇ ಇರುವುವು. ಮನುಷ್ಯನು ಅದನ್ನು ಹಡಗಿನಲ್ಲೋ ಧಾನ್ಯದ ಮೂಟೆಯಲ್ಲೋ ಬೇರೆ ದೇಶಕ್ಕೆ ಒಯ್ದಾಗ ಶತ್ರುಗಳು ಹಿಂದೆ ಉಳಿಯುತ್ತವೆ. ಆಗ ತಡೆಯುವವರಿಲ್ಲದೆ ಅದು ಹಬ್ಬುತ್ತದೆ. ಈ ತತ್ತ್ವವನ್ನು ಪೈರಿನ ಕೀಟಗಳ ವಿಷಯದಲ್ಲಿ ಮೊದಲು ದೊಡ್ಡದಾಗಿ ಪ್ರಯೋಗಿಸಿದವರು ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದವರು. ಅವರ ಕಿತ್ತಳೆ ತೋಟಗಳನ್ನು ಆಸ್ಟ್ರೇಲಿಯಾದಿಂದ ಬಂದ ಬಿಳಿಯ ಶಲ್ಕಕೀಟವೊಂದು ಹಾಳುಮಾಡುತ್ತಿರಲು, 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಅಧಿಕಾರಿಯು ಆಸ್ಟ್ರೇಲಿಯಾಕ್ಕೆ ಹೋಗಿ ನಮ್ಮ ಗುಲಗಂಜಿ ಹುಳುವಿನ ಬಳಗದ ಒಂದು ಕೆಂಪು ದುಂಬಿಯನ್ನು ಕಂಡುಹಿಡಿದು ಕಳುಹಿಸಿದನು. ಒಂದು ಕಿತ್ತಳೆ ಗಿಡಕ್ಕೆ ಬಟ್ಟೆಯ ಡೇರೆ ಹೊದಿಸಿ ಅದರೊಳಗೆ ಕೆಲವು ದುಂಬಿಗಳನ್ನು ಬಿಟ್ಟರು. ಎರಡು ವರ್ಷಗಳೊಳಗೆ ತೋಟಗಳು ಚೇತರಿಸಿಕೊಂಡುವು. ಅದೇ ಶಲ್ಕಕೀಟವು ಮುಂದೆ ನೀಲಗಿರಿಯಲ್ಲಿ ಕಾಣಿಸಿಕೊಂಡಾಗ ಅದೇ ದುಂಬಿಯನ್ನು ಅಲ್ಲಿಗೂ ತರಿಸಬೇಕಾಯಿತು.

ಇದಕ್ಕಿಂತ ಎಷ್ಟೋ ಪೂರ್ವದಲ್ಲಿ ಚೀನಾ ದೇಶದ ರೈತರು ಇಂತಹುದೇ ಉಪಾಯವನ್ನು ಬಲ್ಲವರಾಗಿದ್ದರು. ಕ್ರಿ. ಶ. 304ರದೆಂದು ಹೇಳಲಾಗುವ ಅಲ್ಲಿಯ ಗ್ರಂಥವೊಂದರಲ್ಲಿ, ಕಿತ್ತಳೆ ಬೆಳೆಯುವವರಿಗೆ ಇರುವೆಗಳ ಗೂಡುಗಳನ್ನು ಚೀಲದಲ್ಲಿಟ್ಟು ಸಂತೆಯಲ್ಲಿ ಮಾರುತ್ತಿದ್ದರೆಂದು ಬರೆದಿದೆ. ಇರುವೆಗಳು ಮರದಿಂದ ಮರಕ್ಕೆ ಹೋಗಿಬರಲು ಬಿದಿರಿನ ಕಡ್ಡಿಗಳ ಸೇತುವೆಯನ್ನೂ ಕಟ್ಟುವ ರೂಢಿಯು ಅಲ್ಲಿತ್ತು. ಎಲೆಗಳನ್ನು ಹೊಲಿದಂತೆ ಸೇರಿಸಿ ಗೂಡುಕಟ್ಟುವ ಈ ಕೆಂಪಿರುವೆಯು ನಮ್ಮ ಮಲೆನಾಡಿನವರು ಚಟ್ನಿ ಅರೆದು ತಿನ್ನುವ ಚಗಳಿಯೇ ಆಗಿದೆ.

ಇಷ್ಟನ್ನು ಓದಿದ ಉತ್ಸಾಹಿಗಳು ಯಾವ ಪ್ರಾಣಿಯನ್ನಾದರೂ ತಂದು ಬಿಟ್ಟರಾಯಿತೆಂದು ಭಾವಿಸಬಾರದು. 1872ರಲ್ಲಿ ಜಮೈಕಾ ದ್ವೀಪದ ಕಬ್ಬಿನ ತೋಟದ ಯಜಮಾನನೊಬ್ಬನು ಇಲಿಗಳ ಕಾಟವನ್ನು ತಾಳಲಾರದೆ ನಮ್ಮ ದೇಶದಿಂದ ಒಂಬತ್ತು ಮುಂಗುಸಿಗಳನ್ನು ತರಿಸಿಕೊಂಡನು. ಮೊದಲು ಇಲಿಗಳು ಕಡಿಮೆಯಾದುವು. ಆ ಮೇಲೆ ಮುಂಗುಸಿಗಳು ಕೋಳಿಗಳನ್ನೂ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳನ್ನೂ, ಕೀಟಗಳನ್ನು ತಿನ್ನುತ್ತಿದ್ದ ಹಲ್ಲಿಗಳನ್ನೂ ಹಿಡಿದು ತಿನ್ನತೊಡಗಿದುವು. ಕಳ್ಳಿಯಲ್ಲಿ ಜಯಶಾಲಿಗಳಾದ ಆಸ್ಟ್ರೇಲಿಯಾದವರೇ 1935ರಲ್ಲಿ ಕಬ್ಬಿನ ಗೊಣ್ಣೆಹುಳುವನ್ನು ಅಡಗಿಸಲು ಅಮೆರಿಕಾ ಮೂಲದ ದೊಡ್ಡ ನೆಲಗಪ್ಪೆಗಳನ್ನು ಸುಮಾರು ನೂರರಷ್ಟು ತಂದರು. ಗೊಣ್ಣೆಹುಳುವಿರುವುದು ಮಣ್ಣಿನೊಳಗೆ, ದುಂಬಿಯಾದ ಮೇಲೆ ಅದು ಹಾರಿ ಮೇಲೆ ಕೂರುವುದು, ಕಪ್ಪೆಯು ಎರಡನ್ನೂ ಮುಟ್ಟಲಾರದು. ಮೈಯಲ್ಲಿ ವಿಷವುಳ್ಳ ಆ ಕಪ್ಪೆಗಳು ಈಗ ಉತ್ತರ ಆಸ್ಟ್ರೇಲಿಯಾವನ್ನೆಲ್ಲ ವ್ಯಾಪಿಸಿ, ತಮ್ಮನ್ನು ತಿನ್ನಬಂದ ಪ್ರಾಣಿಗಳನ್ನು ಕೊಲ್ಲುತ್ತಿವೆ. ಮುಂಗುಸಿಯೂ ಕಪ್ಪೆಯೂ ಸಿಕ್ಕಿದ್ದನ್ನೆಲ್ಲ ತಿನ್ನುವ ಜೀವಿಗಳು; ಕಳ್ಳಿಯ ಹುಳುವು ಕಳ್ಳಿಯನ್ನಲ್ಲದೆ ಬೇರೊಂದನ್ನು ಅರಿಯದು. ಈ ವ್ಯತ್ಯಾಸದಲ್ಲಿಯೇ ಎಲ್ಲವೂ ಅಡಗಿದೆ.

ಕಳ್ಳಿಯ ಪತಂಗವೂ ಎಲ್ಲೆಡೆ ಮಿತ್ರನಲ್ಲ. ಮೆಕ್ಸಿಕೋ ದೇಶದವರಿಗೆ ಕಳ್ಳಿಯ ಎಳೆಯ ದಳವು ನಮಗೆ ಬದನೆ ಬೆಂಡೆಯಿದ್ದಂತೆ ನಿತ್ಯದ ತರಕಾರಿ. 2006ರಲ್ಲಿ ಆ ಪತಂಗವು ಅವರ ದ್ವೀಪವೊಂದರಲ್ಲಿ ಕಾಣಿಸಿಕೊಂಡಾಗ, ಸರಕಾರದವರು ಗಾಬರಿಗೊಂಡು ಅದನ್ನು ಬೇರುಸಹಿತ ಅಳಿಸಬೇಕಾಯಿತು. ನಮ್ಮ ದೇಶದಲ್ಲಿಯೂ ಬರಗಾಲದ ಮೇವಿಗೆಂದು ಮುಳ್ಳಿಲ್ಲದ ಕಳ್ಳಿಯನ್ನು ಬೆಳೆಸುವ ಪ್ರಯತ್ನಗಳು ನಡೆದಿವೆ. ಅದನ್ನು ನೆಡಲಿಚ್ಛಿಸುವ ಜಮೀನುದಾರರು ನಮ್ಮ ಹಿರಿಯರನ್ನು ಉಳಿಸಿದ ಬಿಳಿಯ ಹುಳುವು ಇಲ್ಲಿ ಇನ್ನೂ ಜೀವಿಸಿರುವುದೆಂದು ತಿಳಿದು, ದಳಗಳನ್ನು ಆಗಾಗ್ಗೆ ಪರೀಕ್ಷಿಸುತ್ತಿರಬೇಕು.

ಇತ್ತೀಚಿನ ಎರಡು ಪ್ರಸಂಗಗಳು ನಮ್ಮ ಹೊಲಗಳಿಗೇ ಸಂಬಂಧಪಟ್ಟುವು. 2002ರ ಸುಮಾರಿನಲ್ಲಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದು, ಎಲೆಗಳು ಕಪ್ಪಡರಿ, ರೈತರು ಕಂಗಾಲಾದರು. ಎತ್ತರದ ಕಬ್ಬಿನೊಳಗೆ ನುಗ್ಗಿ ಔಷಧ ಸಿಂಪಡಿಸುವುದು ಸುಲಭವಲ್ಲ. ಹೇನಿನ ಗುಂಪಿನೊಳಗೇ ಬಲೆ ಹೆಣೆದು ವಾಸಿಸುತ್ತ ಅದನ್ನು ತಿನ್ನುವ ಡೈಫಾ ಎಂಬ ಪತಂಗದ ಮರಿಯೂ, ಮೈಕ್ರೋಮಸ್ ಎಂಬ ಕಂದುಬಣ್ಣದ ಕೀಟವೂ ವೃದ್ಧಿಯಾದ ಮೇಲೆ ಹಾವಳಿಯು ಇಳಿಯಿತು. ಇವುಗಳನ್ನು ಗುರುತಿಸದೆ ಔಷಧ ಹೊಡೆದವರು ಹೇನಿನ ಸಂಗಡ ಹೇನಿನ ವೈರಿಯನ್ನೂ ಕೊಂದಂತಾಯಿತು.

ಎರಡನೆಯದು ಪರಂಗಿಯ ಹಿಟ್ಟು ತಿಗಣೆ. ಮೆಕ್ಸಿಕೋ ಮೂಲದ ಈ ಕೀಟವು 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿ, ಬಲುಬೇಗನೆ ನಮ್ಮ ಪರಂಗಿ ತೋಟಗಳಿಗೂ ಹಿಪ್ಪುನೇರಳೆಗೂ ಹಬ್ಬಿತು. ಹಿಪ್ಪುನೇರಳೆಗೆ ವಿಷವನ್ನು ಸಿಂಪಡಿಸಿದರೆ ಆ ಸೊಪ್ಪನ್ನು ತಿಂದ ರೇಷ್ಮೆಹುಳು ಉಳಿಯಲಾರದೆಂಬುದು ಎಲ್ಲರಿಗೂ ವೇದ್ಯ. 2010ರಲ್ಲಿ ಬೆಂಗಳೂರಿನ ಕೇಂದ್ರ ಸರಕಾರದ ಕೀಟಸಂಸ್ಥೆಯವರು ಪೋರ್ಟೊರಿಕೊ ದ್ವೀಪದಿಂದ ನುಸಿಯಷ್ಟು ಸಣ್ಣ ಕಣಜಗಳನ್ನು ತರಿಸಿ, ಸಾಕಿ, ಹಂಚಿದರು. ಕಣಜವು ತಿಗಣೆಯ ಮೈಯೊಳಗೆ ಮೊಟ್ಟೆಯಿಡುವುದು. ಮರಿಯು ತಿಗಣೆಯನ್ನು ಒಳಗಿನಿಂದಲೇ ತಿಂದು, ಒಣಗಿದ ಸಿಪ್ಪೆಯಲ್ಲಿ ದುಂಡಾದ ರಂಧ್ರವನ್ನು ಮಾಡಿ ಹೊರಬರುವುದು. ರಂಧ್ರವುಳ್ಳ ಇಂತಹ ಸಿಪ್ಪೆಗಳು ಎಲೆಯ ಹಿಂಭಾಗದಲ್ಲಿ ಕಂಡರೆ ಕಣಜವು ತೋಟಕ್ಕೆ ಬಂದಿದೆಯೆಂದು ಅರ್ಥ. ಆಗ ಔಷಧದ ಪಂಪನ್ನು ಹೊರಗೆ ತೆಗೆಯಬಾರದು.

ಇನ್ನು ಗ್ರಾಮದ ಮುಖಂಡರು ಕೈಗೊಳ್ಳಬಹುದಾದ ಒಂದು ಕೆಲಸವುಂಟು. ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಪಾರ್ಥೇನಿಯಂ ಕಳೆಗೆ ಶತ್ರುವಾದ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, 1984ರಲ್ಲಿ ಬಿಡಲಾಯಿತು. 1990ರ ದಶಕದ ಆರಂಭದಲ್ಲಿ ಇದು ಸೂರ್ಯಕಾಂತಿಯ ಎಲೆಯನ್ನು ಕಚ್ಚಿದುದು ಕಂಡುಬಂದು ದೊಡ್ಡ ಗದ್ದಲವೆದ್ದಿತು. ಅಕ್ಕಪಕ್ಕದ ಪಾರ್ಥೇನಿಯಂ ಹೂವಿನ ಪರಾಗವು ಎಲೆಯ ಮೇಲೆ ಉದುರಿದ್ದರಿಂದ ದುಂಬಿಯು ಮೋಸಹೋಯಿತೆಂದು ವಿಚಾರಣೆಯಿಂದ ತಿಳಿಯಿತು. ಈ ದುಂಬಿಯು ಕಳ್ಳಿಯ ಹುಳುವಿನಂತೆ ಸಂಪೂರ್ಣ ಜಯವನ್ನು ಪಡೆದಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದು. ದುಂಬಿಯಾದರೋ ಮಳೆಗಾಲದಲ್ಲಿ ಮಾತ್ರ ಚಟುವಟಿಕೆಯಿಂದಿದ್ದು ಉಳಿದ ತಿಂಗಳುಗಳನ್ನು ಮಣ್ಣಿನೊಳಗೆ ನಿದ್ರೆಯಲ್ಲಿ ಕಳೆಯುವುದು. ಆದರೂ ಅದು ನೆಲೆಸಿದ ಗೋಮಾಳಕ್ಕೂ ನೆಲೆಸದ ಗೋಮಾಳಕ್ಕೂ ಮಳೆಗಾಲದಲ್ಲಿ ವ್ಯತ್ಯಾಸವು ಸ್ಪಷ್ಟವಾಗಿ ಕಾಣುವುದು.

ಮುಂಗಾರು ಹಿಡಿದು ಕೆಲವು ವಾರಗಳಾದ ಮೇಲೆ, ಬೆಳ್ಳಗಿನ ಬೆನ್ನಿನ ಮೇಲೆ ಕಂದು ಗೆರೆಗಳುಳ್ಳ ಈ ದುಂಬಿಗಳು ಎಲೆಗಳನ್ನು ಜರಡಿಯಂತೆ ತಿಂದಿರುವ ಸ್ಥಳವನ್ನು ಹುಡುಕಿ, ಬೆಳಗಿನ ತಂಪಿನಲ್ಲಿ ಕೆಲವು ನೂರು ದುಂಬಿಗಳನ್ನು ಕೈಯಿಂದಲೇ ಆರಿಸಬಹುದು. ಅವು ಕಚ್ಚುವುದಿಲ್ಲ. ಹುಲ್ಲು ಮುಟ್ಟಿದರೆ ಮೈ ತುರಿಸುವವರು ಮಾತ್ರ ಈ ಕೆಲಸಕ್ಕೆ ಹೋಗಬಾರದು. ಗಾಳಿಯಾಡಲು ರಂಧ್ರಗಳಿರುವ ಡಬ್ಬಿಯಲ್ಲಿ ಅದೇ ಗಿಡದ ಎಲೆಗಳನ್ನು ಹಾಕಿ, ದುಂಬಿಗಳನ್ನು ಅದರೊಳಗಿಟ್ಟು, ಬಿಸಿಲಿಗೆ ಒಡ್ಡದೆ ಅದೇ ದಿನವೇ ತಮ್ಮ ಊರಿನ ಕಳೆ ತುಂಬಿದ ಸ್ಥಳಕ್ಕೆ ಒಯ್ದು ಬಿಡತಕ್ಕದ್ದು. ದುಂಬಿಯು ಮಣ್ಣಿನೊಳಗೆ ಮಲಗುವುದಾದ್ದರಿಂದ, ಬಿಟ್ಟ ಜಾಗವನ್ನು ಮುಂದಿನ ಮಳೆಗಾಲದವರೆಗೆ ಉಳದೆ, ಸುಡದೆ ಹಾಗೆಯೇ ಇರಗೊಡಬೇಕು.