ಹೊನ್ನಲ್ಲದ ಒಡವೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ಸಂಜೆಯ ಹೊತ್ತು ನಡೆದುಹೋಗುವವನಿಗೆ ಬಂಗಾರದ ಬೆಳಕು ಕಣ್ಣಿಗೆ ಬೀಳದೆ ಇರದು. ಚಿನ್ನದಂಗಡಿಗಳ ಗಾಜಿನ ಹಿಂದೆ ಸರ, ಬಳೆ, ಕರಿಮಣಿಗಳು ಮಖಮಲ್ಲಿನ ಮೇಲೆ ಒರಗಿರುತ್ತವೆ. ಒಳಗೆ ತಕ್ಕಡಿಯು ಗುಲಗಂಜಿಯಷ್ಟು ತೂಕಕ್ಕೂ ಬೆಲೆ ಹೇಳುತ್ತಿರುತ್ತದೆ. ಅಲ್ಲಿಂದ ಕ್ಲಾಕ್ ಟವರಿನ ಕಡೆಗೆ ನಾಲ್ಕು ಹೆಜ್ಜೆ ಇಟ್ಟರೆ ಪುರಭವನ, ಅದರಾಚೆ ನೆಹರೂ ಮೈದಾನ. ಹಿಂದೆ ಯಕ್ಷಗಾನದ ಡೇರೆ ಮೇಳಗಳು ಈ ಮೈದಾನದಲ್ಲಿ ಬೀಡುಬಿಡುತ್ತಿದ್ದವು. ಪೇಟೆಯ ಅಂಗಡಿಗಳು ಬಾಗಿಲು ಹಾಕಿಕೊಂಡ ಮೇಲೆ ಡೇರೆಯೊಳಗೆ ಇನ್ನೊಂದು ಬಗೆಯ ಬಂಗಾರ ಬೆಳಗುತ್ತಿತ್ತು. ಮರದ ಮೈ, ಬೇಗಡೆಯ ಹೊದಿಕೆ, ಕನ್ನಡಿಯ ಚೂರು, ಮಣಿ, ನೂಲು, ಬಟ್ಟೆ: ಇವಿಷ್ಟು ಕೂಡಿ ಆದ ಬಂಗಾರ ಅದು. ತಕ್ಕಡಿಗೆ ಹಾಕಿದರೆ ಅದರ ಬೆಲೆ ಏನೂ ಇಲ್ಲ.

ಯಕ್ಷಗಾನದ ಬಗೆಗೆ ನಾವು ಸಾಹಿತ್ಯದ ಮಂದಿ ಬರೆದದ್ದು ಕಡಮೆಯೇನಲ್ಲ. ಪ್ರಸಂಗಕರ್ತನ ಕಾಲನಿರ್ಣಯಕ್ಕೆ ಪುಟಗಟ್ಟಲೆ ವಾದ ಹೂಡಿದ್ದೇವೆ. ಭಾಗವತರ ಕಂಠವನ್ನು, ಅರ್ಥಧಾರಿಯ ವಾಗ್ವೈಖರಿಯನ್ನು ಕೊಂಡಾಡಿದ್ದೇವೆ. ಕರ್ಣನ ಭುಜಕೀರ್ತಿಯನ್ನು ಕೊರೆದವನಾರೆಂದು ಕೇಳಿದವರು ವಿರಳ. ಶಿವರಾಮ ಕಾರಂತರು ತಮ್ಮ ‘ಯಕ್ಷಗಾನ ಬಯಲಾಟ’ದಲ್ಲಿ ವೇಷಭೂಷಣಗಳಿಗೂ ಮನಸ್ಸು ಕೊಟ್ಟರು. ಆ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತರಗತಿಯಲ್ಲಿ ಅದನ್ನು ಹೆಸರಿಸುತ್ತಲೇ ವರ್ಷಗಳನ್ನು ಕಳೆದ ನಾನು, ಒಡವೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ಅಕಸ್ಮಾತ್ತಾಗಿ.

ನಮ್ಮ ವಿದ್ಯಾರ್ಥಿಗಳು ಒಂದು ವರ್ಷ ಬಯಲಾಟವಾಡಲು ಹೊರಟರು. ಹಿರಿಯರೊಬ್ಬರು ನಂಬಿಕೆಯಿಂದ ಕೊಟ್ಟಿದ್ದ ವೇಷದ ಪೆಟ್ಟಿಗೆಯಲ್ಲಿ ಹಳೆಯ ಮರದ ಸಾಮಾನುಗಳಿದ್ದವು. ಅಭ್ಯಾಸದ ಗಡಿಬಿಡಿಯಲ್ಲಿ ಒಂದು ಭುಜಕೀರ್ತಿ ನೆಲಕ್ಕೆ ಬಿದ್ದು ಸೀಳಿತು. ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ಇಂಥ ಕೆಲಸ ಬಲ್ಲವರೊಬ್ಬರ ಮನೆಯನ್ನು ಹುಡುಕಿಕೊಂಡು ಹೋದೆ.

ಜಗಲಿಯ ಮೇಲೆ ಅವರ ಕಾರ್ಯಾಗಾರ. ಒಂದು ಕಡೆ ಕೊರೆದಿಟ್ಟ ಹಗುರ ಮರದ ತುಂಡುಗಳು. ಇನ್ನೊಂದು ಕಡೆ ಮಣಿಗಳ ಡಬ್ಬಿ. ಮರ ಹಗುರವಾಗಿರಲೇಬೇಕು, ಏಕೆಂದರೆ ವೇಷಧಾರಿ ಇದನ್ನು ಮೈಗೆ ಬಿಗಿದುಕೊಂಡು ಇರುಳೆಲ್ಲ ಕುಣಿಯಬೇಕು. ಕಿರೀಟ, ಕರ್ಣಪತ್ರ, ಭುಜಕೀರ್ತಿ, ಎದೆಪದಕ, ತೋಳ್ಕಟ್ಟು, ಡಾಬು ಎಲ್ಲವೂ ಕೂಡಿದಾಗ ಹಗುರವೂ ಭಾರವೇ. ಮರದಲ್ಲಿ ಹೂಬಳ್ಳಿಯನ್ನೂ ಗುಬುಟುಗಳನ್ನೂ ಎಬ್ಬಿಸಿ, ಅಂಟು ಬಳಿದು, ಬೇಗಡೆಯನ್ನು ಬೆರಳ ತುದಿಯಿಂದ ಒತ್ತುತ್ತ ಬರಬೇಕು. ಕೊರೆದ ಕುಳಿಗಳಲ್ಲಿ ಕನ್ನಡಿಯ ಚೂರುಗಳನ್ನು ಕೂರಿಸಬೇಕು. ಬೇಗಡೆ ಉಸಿರು ತಾಕಿದರೂ ಹಾರುವಷ್ಟು ತೆಳು. ಅವರು ಆ ಕೆಲಸ ಮಾಡುವಾಗ ಮಾತನಾಡುತ್ತಿರಲಿಲ್ಲ.

ಮಾಡುವ ಕೂಲಿಯನ್ನು ಕೇಳಿದೆ. ಹೇಳಿದರು. ‘ಇಷ್ಟು ಮರಕ್ಕೆ ಅಷ್ಟೇ?’ ಎಂದುಬಿಟ್ಟೆ. ಹಂಪನಕಟ್ಟೆಯಲ್ಲಿ ಮದುವೆಯ ಒಡವೆಗೆ ಕೇಳಿದ್ದನ್ನು ತೆತ್ತು ತೆಪ್ಪಗೆ ಬಂದವನು ನಾನು! ಅವರು ಮುನಿಯಲಿಲ್ಲ. ಕೆಲಸ ಮುಗಿದಿದ್ದ ಇನ್ನೊಂದು ಭುಜಕೀರ್ತಿಯನ್ನು ಕೈಗೆತ್ತಿಕೊಂಡು, ‘ಇದು ಹತ್ತಿರದಿಂದ ನೋಡ್ಲಿಕ್ಕೆ ಮಾಡಿದ್ದಲ್ಲ ಮಾಷ್ಟ್ರೇ. ಅಂಗಳದ ಕೊನೆಗೆ ಹೋಗಿ ನಿಲ್ಲಿ’ ಎಂದರು. ಹೋಗಿ ನಿಂತೆ. ಹೊತ್ತು ಮುಳುಗಿತ್ತು. ಒಳಗಿನಿಂದ ತಂದ ಎಣ್ಣೆದೀಪದ ಬಳಿ ಅದನ್ನು ಹಿಡಿದು ತುಸು ಅಲ್ಲಾಡಿಸಿದರು. ಹತ್ತಿರದಲ್ಲಿ ಒರಟೆನಿಸಿದ್ದ ಕೊರೆತವೆಲ್ಲ ನೆರಳು ಬೆಳಕಾಗಿ ಎದ್ದಿತು. ಒಂದೊಂದು ಕನ್ನಡಿಯ ಚೂರೂ ಒಂದೊಂದು ದೀಪವಾಯಿತು.

ದೀವಟಿಗೆಯ ಕಾಲದ ಲೆಕ್ಕಾಚಾರವಿದು. ಉರಿ ಅಲುಗುತ್ತಿದ್ದುದರಿಂದ ಒಡವೆ ಮಿಡಿಯುತ್ತಿತ್ತು. ಬಳಿಕ ಗ್ಯಾಸ್‌ಲೈಟು ಬಂತು, ಆಮೇಲೆ ವಿದ್ಯುತ್ತು. ಅಲುಗದ ಆ ಬೆಳಕಿನಲ್ಲಿ ಬೇಗಡೆ ಮಂಕಾಗಿ, ಹೆಚ್ಚು ಹೊಳೆಯುವ ಮಣಿ, ಪ್ಲಾಸ್ಟಿಕ್ಕುಗಳಿಗೆ ಎಡೆಯಾಯಿತು. ಹೊಸದೆಲ್ಲ ಕೆಟ್ಟದೆಂದು ನಾನು ಹೇಳಲಾರೆ. ಮಣಿಸಾಮಾನೂ ಕೈಯ ಕೆಲಸವೇ, ಅದರಲ್ಲೂ ಜಾಣ್ಮೆಯುಂಟು. ಆದರೆ ಕೊರೆತದ ಆಳ ಹೋಯಿತೆಂಬುದು ನನ್ನ ಕೊರಗು. ಹೊಳಪನ್ನು ಅಂಗಡಿಯಿಂದ ತರಬಹುದು. ನೆರಳನ್ನು ಉಳಿಯಿಂದಲೇ ತರಬೇಕು.

ಹಲವು ವಸ್ತುಗಳನ್ನು ಕೂಡಿಸಿ ಒಡವೆ ಮಾಡುವುದು ತುಳುನಾಡಿಗೆ ಹೊಸತಲ್ಲ. ಭೂತಕೋಲವನ್ನು ನೋಡಿದವರಿಗೆ ಇದು ಗೊತ್ತು: ಬೆನ್ನಿಗೆ ಅಣಿ, ತಲೆಗೆ ಕೇಪುಳದ ಹೂ, ಸೊಂಟಕ್ಕೆ ಎಳೆಯ ತೆಂಗಿನ ಗರಿ, ಕಾಲಿಗೆ ಲೋಹದ ಗಗ್ಗರ. ಗಗ್ಗರ ತಲೆಮಾರುಗಳನ್ನು ಕಾಣುತ್ತದೆ. ಗರಿ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಬಾಡುವುದೆಂದು ಗೊತ್ತಿದ್ದೂ ಅದನ್ನು ಸೀಳುವವನ ಕೈ ಉದಾಸೀನ ಮಾಡುವುದಿಲ್ಲ.

ಕೇಳಿದ್ದಷ್ಟು ಕೂಲಿಯನ್ನು ಕೊಟ್ಟೆ. ಹೆಚ್ಚು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. ಆಟದ ಕರಪತ್ರದಲ್ಲಿ ತಮ್ಮ ಹೆಸರು ಹಾಕುವುದೂ ಬೇಡವೆಂದರು: ‘ಕುಣಿಯುವ ಮಕ್ಕಳದ್ದು ಹಾಕಿ.’

ಆಟದ ದಿನ ಚೌಕಿಯಲ್ಲಿ ನಾನೇ ಆ ಭುಜಕೀರ್ತಿಯ ದಾರವನ್ನು ಕರ್ಣನ ಹೆಗಲಿಗೆ ಕಟ್ಟಿದೆ. ಸೀಳಿದ ಗೆರೆ ಬೆರಳಿಗೆ ಸಿಕ್ಕಿತು. ಆಮೇಲೆ ಸಭೆಯ ಕೊನೆಯ ಸಾಲಿಗೆ ಹೋಗಿ ಕುಳಿತೆ. ಚೆಂಡೆಯ ಪೆಟ್ಟಿಗೆ ಹುಡುಗ ಸರ್ರನೆ ತಿರುಗಿದ. ಎಡಹೆಗಲೋ ಬಲಹೆಗಲೋ, ಕಟ್ಟಿದವನಿಗೇ ಗೊತ್ತಾಗಲಿಲ್ಲ.