ಪಂಜರದ ಹಕ್ಕಿಯ ಸ್ವಭಾವ ಮತ್ತು ಮನೆಯವರ ಆರೋಗ್ಯ

ಹೈದರಾಬಾದಿನ ಚಾರ್‌ಮಿನಾರಿಗೆ ಸಮೀಪದ ಮಹಬೂಬ್ ಚೌಕವನ್ನು ಜನರು ಮುರ್ಗಿ ಚೌಕವೆಂದೂ ಕರೆಯುತ್ತಾರೆ. ಕೋಳಿ, ಪಾರಿವಾಳ, ಬಣ್ಣಬಣ್ಣದ ಹಕ್ಕಿಗಳ ಮಾರಾಟಕ್ಕೆ ಬಹುಕಾಲದಿಂದ ಹೆಸರಾದ ಸ್ಥಳವದು. ತವರನ್ನು ಬಿಟ್ಟು ಬಂದು ಮಹಡಿಮನೆಗಳಲ್ಲಿ ನೆಲೆಸಿದ ನಮ್ಮವರಿಗೆ ಹಿತ್ತಿಲಿಲ್ಲ, ಹಸುಕರುಗಳಿಲ್ಲ. ಮಕ್ಕಳ ಹಠಕ್ಕೋ ವೃದ್ಧರ ಬೇಸರಕ್ಕೋ ಒಂದು ಪಂಜರ ಮನೆಯನ್ನು ಸೇರುತ್ತದೆ. ಆಗ ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವವರು ಬಹಳ. ಸ್ವಭಾವವನ್ನು ವಿಚಾರಿಸುವವರು ವಿರಳ. ಹಕ್ಕಿಯ ಸುಖಕ್ಕೂ ಮನೆಯವರ ಕ್ಷೇಮಕ್ಕೂ ಈ ವಿಚಾರಣೆ ಅವಶ್ಯಕ.

ಪಕ್ಷಿಯ ಗುಣ ಅದರ ಮೂಲ ಜೀವನದಿಂದ ಬಂದದ್ದು. ಪೇಟೆಯಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಹಕ್ಕಿಗಳಲ್ಲಿ ಅನೇಕವು ವಾಸ್ತವವಾಗಿ ಆಸ್ಟ್ರೇಲಿಯದ ಬಡ್ಜರಿಗಾರ್ ಎಂಬ ಸಣ್ಣ ಗಿಳಿಗಳು. ಆ ಒಣನಾಡಿನಲ್ಲಿ ಅವು ನೀರನ್ನೂ ಕಾಳನ್ನೂ ಅರಸುತ್ತ ಹಿಂಡುಹಿಂಡಾಗಿ ಸಂಚರಿಸುತ್ತವೆ. ಆದ್ದರಿಂದಲೇ ಸಾಧುವಾದ, ಸದಾ ಹರಟುವ ಈ ಹಕ್ಕಿ ಒಂಟಿಯಾದರೆ ಸೊರಗುತ್ತದೆ. ಎರಡನ್ನಾದರೂ ಕೂಡಿ ಸಾಕಬೇಕು. ನಿಜವಾದ ಲವ್ ಬರ್ಡ್ ಆಫ್ರಿಕದ್ದು: ಮೊಟಕು ಬಾಲ, ದಪ್ಪ ಕೊಕ್ಕು. ಸಂಗಾತಿಯಲ್ಲಿ ಅದಕ್ಕೆ ಎಷ್ಟು ಅನುರಾಗವೋ ಇತರ ಹಕ್ಕಿಗಳಲ್ಲಿ ಅಷ್ಟೇ ಅಸಹನೆ. ಇವೆರಡನ್ನೂ ಒಂದೇ ಪಂಜರದಲ್ಲಿಟ್ಟರೆ ಬಡ್ಜರಿಗಾರಿನ ಕಾಲಿಗೆ ಗಾಯ ತಪ್ಪದು.

ಕಾಕಟೀಲ್ ಸೌಮ್ಯ, ಸಿಳ್ಳು ಹಾಕುವುದರಲ್ಲಿ ಜಾಣ. ಅದರ ಜುಟ್ಟೇ ಅದರ ಮನಸ್ಸಿನ ಕನ್ನಡಿ: ಬೆದರಿದಾಗ ನೆಟ್ಟಗಾಗುತ್ತದೆ, ಕೆರಳಿದಾಗ ತಲೆಗಂಟುತ್ತದೆ. ಕತ್ತಲೆಯಲ್ಲಿ ಬೆಚ್ಚಿ ಸರಳುಗಳಿಗೆ ಬಡಿದುಕೊಳ್ಳುವುದುಂಟಾದ್ದರಿಂದ ರಾತ್ರಿ ಮಂದದೀಪವಿರಲಿ. ಜೀಬ್ರಾ ಫಿಂಚ್ ಮುದ್ದಿಸಲು ತಕ್ಕದ್ದಲ್ಲ, ಕೈಸೋಕಿದರೆ ಗಾಬರಿಗೊಳ್ಳುತ್ತದೆ. ಹಳೆಯ ಊರಿನ ಮಹಡಿಗಳ ಮೇಲೆ ಹಾರಿಸುವ ಪಾರಿವಾಳ ಶಾಂತಸ್ವಭಾವದ್ದು, ಗೂಡಿಗೆ ಮರಳುವುದರಲ್ಲಿ ನಿಷ್ಠೆಯುಳ್ಳದ್ದು; ಗಂಡುಹೆಣ್ಣುಗಳೆರಡೂ ಮರಿಗೆ ಉಣಿಸುತ್ತವೆ.

ನಮ್ಮ ನಾಡಿನ ಹಸುರು ಗಿಳಿಯ ಮಾತು ಬೇರೆ. ಬುದ್ಧಿವಂತಿಕೆಯೇ ಅದಕ್ಕೆ ಪಂಜರದಲ್ಲಿ ಶಾಪವಾಗುತ್ತದೆ. ಮಾಡಲು ಕೆಲಸವಿಲ್ಲದೆ, ಜೊತೆಯಿಲ್ಲದೆ ತನ್ನ ಗರಿಗಳನ್ನೇ ಕಿತ್ತುಕೊಳ್ಳುವ ಗಿಳಿಗಳುಂಟು. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗೊರವಂಕ, ರಾಟವಾಳಗಳಿಗೂ ಇದೇ ರಕ್ಷಣೆಯುಂಟು.

ಇನ್ನು ಆರೋಗ್ಯದ ವಿಚಾರ. ಪಾರಿವಾಳ, ಕಾಕಟೀಲ್‌ಗಳ ಗರಿಗಳಿಂದ ಹಿಟ್ಟಿನಂಥ ಪುಡಿ ಉದುರುತ್ತದೆ. ಈ ಪುಡಿಯನ್ನೂ ಒಣಗಿದ ಹಿಕ್ಕೆಯ ಧೂಳನ್ನೂ ದೀರ್ಘಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಉಂಟಾಗಿ ಒಣಕೆಮ್ಮು, ಏದುಸಿರು ಬರುತ್ತವೆ. ಅಲಕ್ಷಿಸಿದರೆ ಶ್ವಾಸಕೋಶ ಗಡುಸಾಗಿ ಶಾಶ್ವತ ಹಾನಿಯಾಗಬಹುದು. ಹಕ್ಕಿಗಳಿಂದ ದೂರವಿರುವುದೇ ಆಗ ಚಿಕಿತ್ಸೆಯ ಮೊದಲ ಹೆಜ್ಜೆ. ಗಿಳಿಜಾತಿಯ ಹಕ್ಕಿಗಳಿಂದ ಸಿಟಕೋಸಿಸ್ ಎಂಬ ಗಿಳಿಜ್ವರವೂ ತಗಲಬಹುದು: ಜ್ವರ, ತಲೆನೋವು, ಕೆಮ್ಮು, ಕೆಲವೊಮ್ಮೆ ನ್ಯುಮೋನಿಯ. ಡಾಕ್ಸಿಸೈಕ್ಲಿನ್ ಮುಂತಾದ ಔಷಧಿಗಳಿಂದ ಇದು ಗುಣವಾಗುತ್ತದೆ. ಆದರೆ ಮನೆಯಲ್ಲಿ ಹಕ್ಕಿಯಿರುವ ಸಂಗತಿಯನ್ನು ರೋಗಿಯೇ ವೈದ್ಯರಿಗೆ ತಿಳಿಸಬೇಕು. ಇಲ್ಲವಾದರೆ ಸಾಮಾನ್ಯ ಜ್ವರವೆಂದು ದಿನಗಳು ಕಳೆದುಹೋಗುತ್ತವೆ.

ಆದುದರಿಂದ ಪಂಜರವನ್ನು ಮಲಗುವ ಕೋಣೆಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ಇಡಬಾರದು. ಅಂಟದ ಲೇಪವುಳ್ಳ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಹೊಗೆ ಹಕ್ಕಿಗಳಿಗೆ ಮಾರಕ. ಹಿಕ್ಕೆಯನ್ನು ಒಣಗಲು ಬಿಟ್ಟು ಗುಡಿಸದೆ, ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆಗಿಂತ ಉತ್ತಮವಾದ ಮಾಸ್ಕ್ ಧರಿಸಿ ತೆಗೆಯಬೇಕು. ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಮನೆಯಲ್ಲಿ ಉಬ್ಬಸದ ರೋಗಿಗಳಿದ್ದರೆ ಹಕ್ಕಿಯನ್ನು ತರುವ ಮೊದಲೇ ವೈದ್ಯರ ಸಲಹೆ ಪಡೆಯುವುದು ಲೇಸು. ಕಾಕಟೀಲ್ ಹದಿನೈದು ವರ್ಷಕ್ಕೂ ಮಿಗಿಲಾಗಿ ಬದುಕಬಲ್ಲದು. ಇಂದು ಹಠ ಮಾಡಿದ ಬಾಲಕ ಕಾಲೇಜು ಸೇರಿದ ಮೇಲೆಯೂ ಅದಕ್ಕೆ ದಿನವೂ ಕಾಳು, ನೀರು, ಮಾತುಕತೆ ಬೇಕು. ಅಷ್ಟು ಕಾಲದ ಹೊಣೆಯನ್ನು ಹೊರಬಲ್ಲವರು ಮಾತ್ರ ಪಂಜರವನ್ನು ಕೊಳ್ಳಲಿ.